ಸಮಿತಿಗಳಲ್ಲಿ ಊರು ಕಾಣಲಿ

ಸಂಪಾದಕರಿಗೆ,

ಮಾನ್ಯರೇ,

ಶಾಲೆ ತೆರೆದು ಮಳೆ ಹಿಡಿಯುವ ಹೊತ್ತಿಗೆ ಕಾಸರಗೋಡು ಜಿಲ್ಲೆಯ ಶಾಲೆಗಳಲ್ಲಿ ರಕ್ಷಕ ಶಿಕ್ಷಕ ಸಂಘದ ವಾರ್ಷಿಕ ಮಹಾಸಭೆಗಳು ಆರಂಭವಾಗುತ್ತವೆ. ಅಧ್ಯಕ್ಷರು, ಉಪಾಧ್ಯಕ್ಷರು, ಮಾತೃ ಸಂಘದ ಅಧ್ಯಕ್ಷೆ, ಶಾಲಾ ವ್ಯವಸ್ಥಾಪನಾ ಸಮಿತಿಯ ಸದಸ್ಯರು ಎಂದು ಒಂದಷ್ಟು ಹೆಸರುಗಳು ಆಯ್ಕೆಯಾಗಿ, ಒಂದೆರಡು ದಿನಗಳಲ್ಲಿ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಸಣ್ಣ ಸುದ್ದಿಯಾಗಿ ಬಂದು, ಮುಂದಿನ ವರ್ಷದವರೆಗೆ ಆ ವಿಷಯ ಅಲ್ಲಿಗೆ ಮುಗಿಯುತ್ತದೆ. 2025ರ ಡಿಸೆಂಬರ್‌ನಲ್ಲಿ ನಡೆದ ಚುನಾವಣೆಯ ಮೂಲಕ ಬಂದ ಪಂಚಾಯತು ಮತ್ತು ನಗರಸಭಾ ಆಡಳಿತ ಸಮಿತಿಗಳೂ ವಾರ್ಷಿಕ ಯೋಜನೆ ತಯಾರಿಸುವುದಕ್ಕಾಗಿ ಕ್ಷೇತ್ರವಾರು ವರ್ಕಿಂಗ್ ಗ್ರೂಪುಗಳನ್ನು ರಚಿಸಿಕೊಳ್ಳುತ್ತವೆ. ಆ ಪಟ್ಟಿಗಳು ಸುದ್ದಿಯೂ ಆಗುವುದಿಲ್ಲ. ಇವುಗಳಲ್ಲಿ ಸ್ಥಾನ ಪಡೆದವರು ಯಾರು, ಪಡೆಯದೆ ಉಳಿದವರು ಯಾರು ಎಂಬುದನ್ನು ಈ ಬಾರಿಯಾದರೂ ಪಟ್ಟಿ ಬರೆಯುವ ಮೊದಲೇ ಯೋಚಿಸಬೇಕೆಂದು ಮುಖ್ಯೋಪಾಧ್ಯಾಯರಲ್ಲಿಯೂ ಜನಪ್ರತಿನಿಧಿಗಳಲ್ಲಿಯೂ ಕೇಳಿಕೊಳ್ಳುವುದು ಈ ಪತ್ರದ ಉದ್ದೇಶ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಬಹುಕಾಲ ಅಧ್ಯಾಪಕಿಯಾಗಿದ್ದು, ನಿವೃತ್ತಿಯ ಬಳಿಕ ಪಂಚಾಯತಿನ ಶಿಕ್ಷಣ ವಿಭಾಗದ ವರ್ಕಿಂಗ್ ಗ್ರೂಪಿನಲ್ಲಿಯೂ ಕುಳಿತವಳಾದ್ದರಿಂದ ಈ ಸಭೆಗಳ ಒಳಗು ನನಗೆ ಅಷ್ಟಿಷ್ಟು ಗೊತ್ತು.

ಕಾನೂನಿನಲ್ಲಿ ಕೊರತೆಯಿದೆ ಎಂದು ಹೇಳುವಂತಿಲ್ಲ. 2010ರ ಎಪ್ರಿಲ್ 1ರಂದು ಜಾರಿಗೆ ಬಂದ 2009ರ ಶಿಕ್ಷಣ ಹಕ್ಕು ಕಾನೂನಿನ 21ನೇ ಸೆಕ್ಷನ್ ಪ್ರಕಾರ ಶಾಲಾ ವ್ಯವಸ್ಥಾಪನಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಮಕ್ಕಳ ಹೆತ್ತವರು ಅಥವಾ ಪೋಷಕರೇ ಆಗಿರಬೇಕು; ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು; ಅವಕಾಶವಂಚಿತ ಗುಂಪಿನ ಮತ್ತು ದುರ್ಬಲ ವರ್ಗದ ಮಕ್ಕಳ ಹೆತ್ತವರಿಗೆ ಅವರ ಪ್ರಮಾಣಕ್ಕೆ ತಕ್ಕ ಪ್ರಾತಿನಿಧ್ಯ ಸಿಗಬೇಕು. ಈ ಸಮಿತಿಯ ಕೆಲಸವೂ ವೇದಿಕೆಯಲ್ಲಿ ಕುಳಿತು ಹೂಗುಚ್ಛ ಸ್ವೀಕರಿಸುವುದಲ್ಲ. ಶಾಲೆಯ ದೈನಂದಿನ ನಡವಳಿಕೆಯ ಮೇಲ್ವಿಚಾರಣೆ, ಶಾಲಾ ಅಭಿವೃದ್ಧಿ ಯೋಜನೆಯ ತಯಾರಿ, ಸರಕಾರದಿಂದಲೂ ಸ್ಥಳೀಯಾಡಳಿತದಿಂದಲೂ ಬಂದ ಅನುದಾನ ಹೇಗೆ ಖರ್ಚಾಯಿತೆಂಬ ಪರಿಶೀಲನೆ ಇವೆಲ್ಲವನ್ನೂ ಕಾನೂನು ಅದರ ಹೆಗಲಿಗೆ ಹಾಕಿದೆ. ಮೊದಲ ಎರಡು ಷರತ್ತುಗಳನ್ನು ನಮ್ಮ ಬಹುತೇಕ ಶಾಲೆಗಳು ಲೆಕ್ಕದ ಮಟ್ಟಿಗೆ ಪಾಲಿಸುತ್ತವೆ, ಏಕೆಂದರೆ ಅವು ಪಟ್ಟಿಯನ್ನು ನೋಡಿದ ಕೂಡಲೇ ಗೊತ್ತಾಗುವಂಥವು. ಮೂರನೆಯ ಷರತ್ತು ಹಾಗಲ್ಲ. ಯಾವ ಮನೆಯ ಮಗು ಯಾವ ವರ್ಗಕ್ಕೆ ಸೇರಿದೆ, ಅಂಥವರು ಶಾಲೆಯಲ್ಲಿ ಎಷ್ಟು ಮಂದಿ ಎಂದು ಪ್ರವೇಶ ದಾಖಲೆ ಬಿಚ್ಚಿ ಎಣಿಸಿದರೆ ಮಾತ್ರ ಅದನ್ನು ಪಾಲಿಸಲು ಸಾಧ್ಯ. ಎಣಿಸುವ ಪದ್ಧತಿ ನಾನು ಬಲ್ಲ ಶಾಲೆಗಳಲ್ಲಿ ಇರಲಿಲ್ಲ.

ಅವಕಾಶವಂಚಿತ ಗುಂಪು ಎಂದರೆ ಯಾವುದು ಎಂಬುದಕ್ಕೆ ಅದೇ ಕಾನೂನಿನ ಎರಡನೇ ಸೆಕ್ಷನ್ ಉತ್ತರ ಕೊಡುತ್ತದೆ, ಮತ್ತು ಗಡಿನಾಡಿನವರಾದ ನಾವು ಆ ಉತ್ತರವನ್ನು ಗಮನವಿಟ್ಟು ಓದಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಸಾಮಾಜಿಕವಾಗಿಯೂ ಶೈಕ್ಷಣಿಕವಾಗಿಯೂ ಹಿಂದುಳಿದ ವರ್ಗ, 2012ರ ತಿದ್ದುಪಡಿಯ ಮೂಲಕ ಸೇರಿದ ಅಂಗವೈಕಲ್ಯವುಳ್ಳ ಮಕ್ಕಳು ಇಷ್ಟನ್ನು ಹೇಳಿದ ಮೇಲೆ, ಸಾಮಾಜಿಕ, ಸಾಂಸ್ಕೃತಿಕ, ಆರ್ಥಿಕ, ಭೌಗೋಳಿಕ, ಭಾಷಿಕ ಅಥವಾ ಲಿಂಗ ಸಂಬಂಧವಾದ ಕಾರಣಗಳಿಂದ ಹಿಂದೆ ಬಿದ್ದ ಇತರ ಗುಂಪುಗಳನ್ನೂ ಸರಕಾರವು ಅಧಿಸೂಚನೆ ಹೊರಡಿಸಿ ಈ ಸಾಲಿಗೆ ಸೇರಿಸಬಹುದು ಎನ್ನುತ್ತದೆ ಆ ಸೆಕ್ಷನ್. ಭಾಷೆಯ ಕಾರಣವನ್ನು ಸಂಸತ್ತೇ ಬರೆದಿಟ್ಟಿದೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿಯನ್ನು ನಮ್ಮ ಸಂಘಟನೆಗಳ ಪ್ರತಿಯೊಂದು ಮನವಿಯಲ್ಲಿಯೂ ಕಾಣುತ್ತೇವೆ. 1969ರ ಕೇರಳ ಅಧಿಕೃತ ಭಾಷಾ ಕಾನೂನು ಕನ್ನಡ ಮತ್ತು ತಮಿಳು ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲೇ ಸರಕಾರದೊಂದಿಗೆ ಪತ್ರವ್ಯವಹಾರ ನಡೆಸಲು ಕೊಟ್ಟ ಅವಕಾಶವನ್ನೂ ಹೇಳುತ್ತೇವೆ. ಆದರೆ ಶಾಲೆಯ ಒಳಗೆ, ತೀರ್ಮಾನ ನಡೆಯುವ ಮೇಜಿನ ಸುತ್ತ, ಕನ್ನಡದಲ್ಲಿ ಕಲಿಯುವ ಮಕ್ಕಳ ಹೆತ್ತವರಿಗೆ ಪ್ರಮಾಣಕ್ಕೆ ತಕ್ಕ ಸ್ಥಾನ ಕೊಡಿಸಬಲ್ಲ ಈ ಒಂದು ಸಾಲನ್ನು ಹಿಡಿದು ತಿರುವನಂತಪುರದ ಬಾಗಿಲು ತಟ್ಟಿದ್ದನ್ನು ನಾನು ಕೇಳಿದ್ದು ಕಡಿಮೆ.

ಪ್ರಾತಿನಿಧ್ಯವಿಲ್ಲದಿದ್ದರೆ ಆಗುವ ನಷ್ಟವೇನು ಎಂಬುದಕ್ಕೆ ದೊಡ್ಡ ಸಿದ್ಧಾಂತ ಬೇಕಾಗಿಲ್ಲ. ಹೆಸರು ಹೇಳಬೇಕಾಗಿಲ್ಲದ ಒಂದು ಶಾಲೆಯಲ್ಲಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕೊರಗರ ವಸತಿಯಿಂದ ಬರುವ ಮಕ್ಕಳ ಹಾಜರಿ ವರ್ಷವೂ ತೀರಾ ಇಳಿಯುತ್ತಿತ್ತು. ಸಮಿತಿಯಲ್ಲಿ ಚರ್ಚೆಯಾಯಿತು. ಹೆತ್ತವರಿಗೆ ಕಾಳಜಿಯಿಲ್ಲ ಎಂದು ಒಬ್ಬರು ಹೇಳಿದರು, ಅವರಿಗೆ ಓದಿನ ಬೆಲೆ ಗೊತ್ತಿಲ್ಲ ಎಂದು ಇನ್ನೊಬ್ಬರು ಸೇರಿಸಿದರು, ಕೊನೆಗೆ ಆ ಮನೆಗಳಿಗೆ ಎಚ್ಚರಿಕೆಯ ಪತ್ರ ಕಳುಹಿಸುವುದೆಂದು ನಿರ್ಣಯವಾಯಿತು. ಮರುವರ್ಷ ಅಂಗನವಾಡಿ ಕಾರ್ಯಕರ್ತೆಯೊಬ್ಬರ ಒತ್ತಾಯಕ್ಕೆ ಮಣಿದು ಆ ವಸತಿಯ ಒಬ್ಬ ತಾಯಿಯನ್ನು ಸಮಿತಿಗೆ ಸೇರಿಸಿಕೊಂಡರು. ಆರಂಭದ ಸಭೆಗಳಲ್ಲಿ ಅವರು ಬಾಗಿಲ ಹತ್ತಿರದ ಬೆಂಚಿನ ತುದಿಯಲ್ಲಿ ಕುಳಿತು, ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿ, ಚಹಾ ಕುಡಿದು ಹೋಗುತ್ತಿದ್ದರು. ಹಾಜರಿಯ ವಿಷಯ ಮತ್ತೆ ಬಂದ ದಿನ ತುಳುವಿನಲ್ಲಿ ಅವರು ಹೇಳಿದ್ದು ಇಷ್ಟು: ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕ ಮೊದಲ ದೊಡ್ಡ ಮಳೆಗೇ ಹೋಗುತ್ತದೆ, ಸುತ್ತು ಬಳಸಿ ಬಂದರೆ ಮಕ್ಕಳು ಶಾಲೆ ತಲುಪುವಾಗ ಎರಡನೇ ಪೀರಿಯಡ್ ಆಗಿರುತ್ತದೆ, ತಡವಾಗಿ ಬಂದವರನ್ನು ಜಗಲಿಯಲ್ಲಿ ನಿಲ್ಲಿಸುತ್ತಾರೆ, ಒದ್ದೆ ಬಟ್ಟೆಯಲ್ಲಿ ಎಲ್ಲರೆದುರು ನಿಂತ ಮಗು ಮರುದಿನ ಏಳುವುದಿಲ್ಲ. ಸಮಿತಿಯ ಉಳಿದವರೆಲ್ಲ ಡಾಮರು ರಸ್ತೆಯ ಬದಿಯವರು; ಒಳ್ಳೆಯವರೇ, ಶಾಲೆಗಾಗಿ ಕೈಯಿಂದ ಹಣ ಹಾಕಿದವರೂ ಅವರಲ್ಲಿದ್ದರು, ಆದರೆ ಮಳೆಗಾಲದಲ್ಲಿ ಆ ತೋಡಿನ ಕಡೆ ಹೋದವರು ಯಾರೂ ಇರಲಿಲ್ಲ. ಜಗಲಿಯಲ್ಲಿ ನಿಲ್ಲಿಸುವ ಕ್ರಮ ಅಂದಿಗೇ ನಿಂತಿತು. ವಾರ್ಡು ಸದಸ್ಯರು ಸಭೆಯಲ್ಲಿ ಇದ್ದುದರಿಂದ ಕಾಂಕ್ರೀಟ್ ಕಾಲುಸಂಕದ ಪ್ರಸ್ತಾಪ ಪಂಚಾಯತಿನ ಯೋಜನೆಗೂ ಸೇರಿತು. ಅದು ಎದ್ದು ನಿಲ್ಲಲು ಮತ್ತೆ ಮಳೆಗಾಲಗಳು ಕಳೆದವು ಎಂಬುದು ಬೇರೆ ಮಾತು.

ಇಂತಹ ತಾಯಂದಿರು ಸಮಿತಿಯಲ್ಲಿ ಇರದಿರುವುದಕ್ಕೆ ಯಾರದೋ ಪಿತೂರಿ ಕಾರಣವಲ್ಲ, ಸಭೆ ಕರೆಯುವ ರೀತಿಯೇ ಕಾರಣ. ಮಹಾಸಭೆ ಸಾಮಾನ್ಯವಾಗಿ ಕೆಲಸದ ದಿನ ಅಪರಾಹ್ನ ಎರಡೂವರೆಗೆ ನಡೆಯುತ್ತದೆ. ಆ ಹೊತ್ತಿಗೆ ಬೀಡಿ ಕಟ್ಟುವ ತಾಯಿ ಅಂದಿನ ಬೀಡಿಯನ್ನು ಬ್ರಾಂಚಿಗೆ ಮುಟ್ಟಿಸುವ ಅವಸರದಲ್ಲಿರುತ್ತಾಳೆ. ಉದ್ಯೋಗ ಖಾತರಿಯ ಕೆಲಸಕ್ಕೆ ಹೋದವಳು ಮಧ್ಯದಲ್ಲಿ ಎದ್ದು ಬಂದರೆ ದಿನದ ಎರಡನೇ ಹಾಜರಿಯ ಫೋಟೊ ತಪ್ಪಿ ಕೂಲಿಯೂ ತಪ್ಪುತ್ತದೆ. ಮುರಕಲ್ಲಿನ ಕೋರೆಯಲ್ಲಿ ದುಡಿಯುವ, ಗದಗ, ಬಾಗಲಕೋಟೆ, ವಿಜಯಪುರ ಕಡೆಯಿಂದ ಬಂದ ಕುಟುಂಬಗಳಿಗೆ ಶಾಲೆಯಲ್ಲಿ ಸಭೆಯಿದೆ ಎಂಬ ವಿಷಯವೇ ತಿಳಿಯುವುದಿಲ್ಲ, ಏಕೆಂದರೆ ನೋಟೀಸು ಬರುವುದು ವಾಟ್ಸಾಪ್ ಗ್ರೂಪಿಗೆ, ಆ ಗ್ರೂಪಿನಲ್ಲಿರುವ ನಂಬರು ಬಹಳಷ್ಟು ಸಲ ಬಾಡಿಗೆ ಮನೆಯ ಯಜಮಾನರದು. ಹೀಗೆ ಬರಬೇಕಾದವರಲ್ಲಿ ಅರ್ಧ ಮಂದಿ ಬಾರದ ಸಭೆಯಲ್ಲಿ, ಸ್ವಾಗತ, ವರದಿ, ಲೆಕ್ಕಪತ್ರ ಎಲ್ಲ ಮುಗಿದು ಮಕ್ಕಳನ್ನು ಕರೆದುಕೊಂಡು ಹೋಗುವ ಗಡಿಬಿಡಿ ಶುರುವಾದಾಗ, ಮೊದಲೇ ಬರೆದಿಟ್ಟ ಹೆಸರುಗಳನ್ನು ಓದಿ ‘ಎಲ್ಲರ ಒಪ್ಪಿಗೆಯಿದೆಯಲ್ಲ’ ಎಂದು ಕೇಳಲಾಗುತ್ತದೆ, ಚಪ್ಪಾಳೆ ಬೀಳುತ್ತದೆ. ಆ ಪಟ್ಟಿಯಲ್ಲಿ ಮಹಿಳೆಯರಿದ್ದರೂ ಅವರು ಯಾವ ಮನೆಗಳವರು ಎಂದು ನೋಡಿದರೆ, ಪುರುಷ ಸದಸ್ಯರ ಮನೆಗಳವರೇ ಅಥವಾ ಅವರ ಪಕ್ಕದ ಮನೆಗಳವರೇ ಆಗಿರುತ್ತಾರೆ.

ಭಾಷೆಯ ತೊಡಕು ಇದರ ಮೇಲೆ ಬರುತ್ತದೆ. ನಮ್ಮ ಜಿಲ್ಲೆಯ ಅನೇಕ ಶಾಲೆಗಳಲ್ಲಿ ಕನ್ನಡ ಮತ್ತು ಮಲಯಾಳ ಮಾಧ್ಯಮದ ಡಿವಿಷನ್‌ಗಳು ಒಂದೇ ಕಟ್ಟಡದಲ್ಲಿವೆ. ಕನ್ನಡದ ತರಗತಿಯಲ್ಲಿ ಮಕ್ಕಳು ಕಡಿಮೆ. ಆದ್ದರಿಂದ ಸಭೆ ಮಲಯಾಳದಲ್ಲಿ ನಡೆಯುತ್ತದೆ, ಮಿನಿಟ್ಸ್ ಪುಸ್ತಕವೂ ಮಲಯಾಳದಲ್ಲೇ. ಮಾತು ಅರ್ಥವಾಗದ ಸಮಸ್ಯೆ ಇಲ್ಲಿ ದೊಡ್ಡದಲ್ಲ, ನಾವೆಲ್ಲ ಪೇಟೆಯಲ್ಲಿ ಮಲಯಾಳ ಆಡುವವರೇ. ಆದರೆ ಆಡಿದ್ದನ್ನು ಅರ್ಥಮಾಡಿಕೊಳ್ಳುವುದು ಬೇರೆ, ಬರೆದ ನಿರ್ಣಯವನ್ನು ಓದಿ, ಇದು ಹೀಗಲ್ಲ ಎಂದು ಸಹಿ ಹಾಕುವ ಮೊದಲು ಹೇಳುವುದು ಬೇರೆ. ಕನ್ನಡ ಡಿವಿಷನ್ ಉಳಿಯುವುದೂ ಅಧ್ಯಾಪಕ ಹುದ್ದೆ ಉಳಿಯುವುದೂ ಶಾಲೆ ತೆರೆದ ಬಳಿಕದ ಆರನೇ ಕೆಲಸದ ದಿನ ನಡೆಯುವ ಮಕ್ಕಳ ಎಣಿಕೆಯನ್ನು ಅವಲಂಬಿಸಿದೆ. ದಿನಗೂಲಿ ಅಧ್ಯಾಪಕರ ಆಯ್ಕೆಯ ಸಂದರ್ಶನ ಶಾಲೆಯ ಕಚೇರಿಯಲ್ಲೇ ನಡೆಯುತ್ತದೆ. ಯಾವ ಕೋಣೆ ಯಾವ ಡಿವಿಷನ್‌ಗೆ, ಗ್ರಂಥಾಲಯಕ್ಕೆ ಯಾವ ಪುಸ್ತಕ ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ. ಕನ್ನಡ ತಿಳಿಯದ ಅಧ್ಯಾಪಕರನ್ನು ಕನ್ನಡ ತರಗತಿಗಳಿಗೆ ನೇಮಿಸಿದಾಗ ಮಕ್ಕಳೂ ಹೆತ್ತವರೂ ಬೀದಿಗಿಳಿದು ಪ್ರತಿಭಟಿಸಿದ್ದನ್ನು ಈ ಜಿಲ್ಲೆ ಒಂದಕ್ಕಿಂತ ಹೆಚ್ಚು ಸಲ ಕಂಡಿದೆ. ಮೇಲಿನಿಂದ ಬರುವ ನೇಮಕಾತಿಯನ್ನು ಶಾಲಾ ಸಮಿತಿ ತಡೆಯಲಾರದು ನಿಜ, ಆದರೆ ಹುದ್ದೆ ಖಾಲಿಯಾದ ದಿನವೇ ಅದು ಕನ್ನಡದ ಹುದ್ದೆ ಎಂದು ನಿರ್ಣಯ ಬರೆಸಿ ಕಳುಹಿಸುವ ಒಬ್ಬ ಸದಸ್ಯೆ ಸಮಿತಿಯಲ್ಲಿದ್ದರೆ ಬೀದಿಗಿಳಿಯುವ ಮೊದಲು ಮಾಡಬಹುದಾದ ಕೆಲಸವೊಂದು ಆದಂತಾಗುತ್ತದೆ.

ಅನುದಾನಿತ ಶಾಲೆಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ನಮ್ಮ ಹಳೆಯ ಕನ್ನಡ ಶಾಲೆಗಳಲ್ಲಿ ಬಹಳಷ್ಟು ಆ ವರ್ಗಕ್ಕೆ ಸೇರಿದವು. 2012ರ ತಿದ್ದುಪಡಿಯ ಪ್ರಕಾರ ಅನುದಾನಿತ ಶಾಲೆಗಳಲ್ಲಿಯೂ ಅಲ್ಪಸಂಖ್ಯಾತರು ನಡೆಸುವ ಶಾಲೆಗಳಲ್ಲಿಯೂ ವ್ಯವಸ್ಥಾಪನಾ ಸಮಿತಿಗೆ ಸಲಹೆ ಕೊಡುವ ಅಧಿಕಾರ ಮಾತ್ರ ಇದೆ, ತೀರ್ಮಾನ ಮೇನೇಜರರದು. ಸಲಹೆಯಷ್ಟೇ ಎಂಬ ಕಾರಣಕ್ಕೆ ಅಲ್ಲಿ ಸಮಿತಿಯ ರಚನೆಯೂ ಹೆಸರಿಗಷ್ಟೇ ಆಗಿಬಿಟ್ಟಿದೆ. ಅದರ ಬದಲು ಶತಮಾನೋತ್ಸವ ಸಮಿತಿ, ಕಟ್ಟಡ ಸಮಿತಿ, ಹಿತೈಷಿಗಳ ಬಳಗ ಮುಂತಾದವು ಹುಟ್ಟಿಕೊಳ್ಳುತ್ತವೆ. ಕನ್ನಡ ಶಾಲೆ ಉಳಿಯಬೇಕೆಂದು ಆ ವೇದಿಕೆಗಳಿಂದ ಗಟ್ಟಿಯಾಗಿ ಮಾತಾಡುವವರಲ್ಲಿ ಎಷ್ಟು ಮಂದಿಯ ಮೊಮ್ಮಕ್ಕಳು ಮಂಗಳೂರಿನ ಇಂಗ್ಲಿಷ್ ಮಾಧ್ಯಮದ ಶಾಲೆಗಳ ಬಸ್ಸು ಹತ್ತುತ್ತಾರೆ ಎಂದು ನಾನು ಇಲ್ಲಿ ಎಣಿಸಲು ಹೋಗುವುದಿಲ್ಲ. ಅವರ ದೇಣಿಗೆಯ ಋಣ ಶಾಲೆಗಳ ಮೇಲಿದೆ. ಆದರೆ ಬೆಂಚಿನಲ್ಲಿ ಇಂದು ಕುಳಿತಿರುವ ಮಗು ಬೀಡಿ ಕಾರ್ಮಿಕಳದು, ಮೀನುಗಾರನದು, ಬ್ಯಾರಿ ಮನೆಯದು, ಮರಾಟಿ ನಾಯ್ಕರ ಮನೆಯದು, ಕೋರೆಯ ಕೂಲಿಯವನದು. ಆ ಹೆತ್ತವರು ಸಭೆಯಲ್ಲಿ ಕುರ್ಚಿ ಜೋಡಿಸುವವರಾಗಿ ಮಾತ್ರ ಕಾಣಿಸುವುದು ಸರಿಯಲ್ಲ.

ಇಲ್ಲಿ ನಮ್ಮವರೇ ಆದ ಕನ್ನಡಿಗರಲ್ಲಿ ಒಂದು ಮಾತು ಹೇಳಬೇಕಾಗಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಪ್ರಾತಿನಿಧ್ಯ ಎಂದರೆ ನಮಗೆ ವಿಧಾನಸಭೆಯ ಸ್ಥಾನ. 1957ರ ಮೊದಲ ಚುನಾವಣೆಯಲ್ಲಿ ಎಂ. ಉಮೇಶ ರಾವ್ ಮಂಜೇಶ್ವರದಿಂದ ಅವಿರೋಧವಾಗಿ ಆಯ್ಕೆಯಾದರು. ಬಳಿಕ ಕಳ್ಳಿಗೆ ಮಹಾಬಲ ಭಂಡಾರಿಯವರು ಅಲ್ಲಿಂದಲೇ ಗೆದ್ದು ಬಂದರು. ಚಂದ್ರಗಿರಿ ಹೊಳೆಯ ಬಡಗು ದಿಕ್ಕಿನ ಪ್ರದೇಶ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಆ ಹೋರಾಟದ ತಲೆಮಾರಿಗೆ ಗೌರವವಿಟ್ಟೇ ಹೇಳುತ್ತೇನೆ: ವಿಧಾನಸಭೆಯ ಕಡೆಗೂ ದಿಲ್ಲಿಯ ಕಡೆಗೂ ನೋಡುತ್ತ ನಿಂತ ನಾವು, ನಮ್ಮ ನಿಯೋಗಗಳಲ್ಲಿ, ನಮ್ಮ ಶಾಲಾ ಸಮಿತಿಗಳಲ್ಲಿ, ನಮ್ಮದೇ ಸಂಘಗಳ ಕಾರ್ಯಕಾರಿ ಸಮಿತಿಗಳಲ್ಲಿ ಯಾರಿದ್ದಾರೆ ಎಂಬುದನ್ನು ಕೇಳಲಿಲ್ಲ. ನಿವೃತ್ತ ಅಧ್ಯಾಪಕರು, ವಕೀಲರು, ತೋಟದ ಯಜಮಾನರು (ನಿವೃತ್ತ ಅಧ್ಯಾಪಕಿಯರು ಕೂಡ ಅಪರೂಪವೇ) ಕನ್ನಡದ ಪರವಾಗಿ ಮಾತಾಡುತ್ತ ಬಂದಿದ್ದಾರೆ. ಜನಗಣತಿಯಲ್ಲಿ ಕನ್ನಡಿಗರ ಸಂಖ್ಯೆ ಕಡಿಮೆ ಬಂತೆಂದು ಕೊರಗುವಾಗ, ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ ಆಡುತ್ತ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವವರೆಲ್ಲ ಕನ್ನಡಿಗರೇ ಎಂದು ನಾವೇ ವಾದಿಸುತ್ತೇವೆ. ವಾದ ನ್ಯಾಯವಾದುದೇ. ಹಾಗಿದ್ದರೆ ಸಮಿತಿ ರಚಿಸುವಾಗಲೂ ಅವರು ಕನ್ನಡಿಗರೇ ಆಗಬೇಕಲ್ಲ? ಎಣಿಕೆಗೆ ಬೇಕಾದವರು ಅಧಿಕಾರಕ್ಕೆ ಬೇಡವಾದರೆ, ರಾಜ್ಯದ ಬಹುಸಂಖ್ಯಾತರ ಮುಂದೆ ನಾವು ಮಂಡಿಸುವ ಬೇಡಿಕೆಯ ನೈತಿಕ ಬಲವೇ ಕುಗ್ಗುತ್ತದೆ.

ನಗರಸಭೆ ಮತ್ತು ಪಂಚಾಯತುಗಳಿಗೆ ಬಂದರೆ, ಸ್ಥಾನ ಮೀಸಲಾತಿಯ ಮಟ್ಟಿಗೆ ಕೇರಳ ಮುಂದಿದೆ. ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಮಹಿಳೆಯರಿಗೆ ಮೂರರಲ್ಲಿ ಒಂದು ಪಾಲು ಕೊಟ್ಟರೆ, ಇಲ್ಲಿ 2010ರ ಚುನಾವಣೆಯಿಂದ ಅರ್ಧ ಪಾಲು ಸಿಕ್ಕಿದೆ. ಅಧ್ಯಕ್ಷ ಸ್ಥಾನಗಳಿಗೂ ಅದೇ ಕ್ರಮ. ಆದರೆ ಆಡಳಿತದ ಜೀವ ಇರುವುದು ಸ್ಥಾಯೀ ಸಮಿತಿಗಳಲ್ಲಿ. ನಗರಸಭೆಯಲ್ಲಿ ಹಣಕಾಸು, ಅಭಿವೃದ್ಧಿ, ಕ್ಷೇಮ, ಆರೋಗ್ಯ, ಲೋಕೋಪಯೋಗಿ, ಶಿಕ್ಷಣ ಹಾಗೂ ಕಲೆ-ಕ್ರೀಡೆ ಎಂದು ಆರು ಸಮಿತಿಗಳಿವೆ. ಗ್ರಾಮ ಪಂಚಾಯತಿನಲ್ಲಿ ಹಣಕಾಸು, ಅಭಿವೃದ್ಧಿ, ಕ್ಷೇಮ, ಆರೋಗ್ಯ ಮತ್ತು ಶಿಕ್ಷಣ ಎಂದು ನಾಲ್ಕು. ಮಹಿಳೆಯರೆಂದರೆ ಕ್ಷೇಮ ಮತ್ತು ಆರೋಗ್ಯ, ರಸ್ತೆ ಮತ್ತು ಕಾಮಗಾರಿ ಎಂದರೆ ಪುರುಷರು ಎಂಬ ಅಘೋಷಿತ ಹಂಚಿಕೆಯನ್ನು ನಮ್ಮ ಕಡೆ ಎಲ್ಲ ಪಕ್ಷಗಳೂ ಒಮ್ಮತದಿಂದ ಪಾಲಿಸುತ್ತವೆ. ಮತ್ತೊಂದು ಭ್ರಮೆಯೂ ಇದೆ: ಎರಡು ಮೂರು ಪಕ್ಷಗಳವರು ಸೇರಿದರೆ ಸಮಿತಿ ಎಲ್ಲರನ್ನೂ ಒಳಗೊಂಡಿತು ಎಂಬುದು. ಮೂರು ಪಕ್ಷಗಳಿಂದ ಬಂದ ಮೂವರೂ ಗುತ್ತಿಗೆದಾರರೇ ಆಗಿರುವ ಸಮಿತಿಯಲ್ಲಿ ಪಕ್ಷ ಮೂರಾದರೂ ಅನುಭವ ಒಂದೇ.

ವರ್ಕಿಂಗ್ ಗ್ರೂಪುಗಳ ವಿಷಯದಲ್ಲಂತೂ ಯಾವ ಕಾನೂನನ್ನೂ ತಿದ್ದಬೇಕಾಗಿಲ್ಲ. ಅವುಗಳ ಸದಸ್ಯರನ್ನು ಆಡಳಿತ ಸಮಿತಿಯೇ ಆರಿಸುತ್ತದೆ. ಅಲ್ಲಿ ಸಿದ್ಧವಾದ ಸಲಹೆಗಳು ಗ್ರಾಮಸಭೆ ಅಥವಾ ವಾರ್ಡು ಸಭೆಗೆ, ಅಲ್ಲಿಂದ ಅಭಿವೃದ್ಧಿ ಸೆಮಿನಾರಿಗೆ ಹೋಗಿ ಯೋಜನೆಯಾಗುತ್ತವೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಮುಂತಾದ ಪಂಚಾಯತುಗಳಲ್ಲಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ದುರಂತದ ಫಲವನ್ನು ಉಣ್ಣುತ್ತಿರುವ ಕುಟುಂಬಗಳಿವೆ. ಅಂತಹ ಕುಟುಂಬದ ಅಂಗವೈಕಲ್ಯವುಳ್ಳ ಮಗುವನ್ನು ಹೊತ್ತುಕೊಂಡು, ಅಂಥ ಮಕ್ಕಳಿಗಾಗಿಯೇ ಇರುವ ಬಡ್ಸ್ ಶಾಲೆಗೆ ಹೋಗಿ ಬರುವ ತಾಯಿಗೆ ರಸ್ತೆಯ ಏರು, ಶೌಚಾಲಯದ ಬಾಗಿಲಿನ ಅಗಲ, ವಾಹನದ ಸಮಯ ಇವುಗಳ ಬಗ್ಗೆ ಇರುವ ತಿಳಿವಳಿಕೆ ಯಾವ ಇಂಜಿನಿಯರಿಗೂ ಇರಲಾರದು. ಲೋಕೋಪಯೋಗಿ ಕಾಮಗಾರಿಗಳ ವರ್ಕಿಂಗ್ ಗ್ರೂಪಿನಲ್ಲಿ ಅವರಲ್ಲೊಬ್ಬರಿಗೆ ಸ್ಥಾನ ಕೊಡಲು ಒಂದು ಸಾಲಿನ ನಿರ್ಣಯ ಸಾಕು. ಗ್ರಾಮಸಭೆಗಳ ಸ್ಥಿತಿಯನ್ನು ವಿವರಿಸುವ ಅಗತ್ಯವಿಲ್ಲ. ಮತದಾರರಲ್ಲಿ ಶೇಕಡಾ ಹತ್ತರಷ್ಟು ಹಾಜರಿ ಬೇಕು, ಆ ಸಂಖ್ಯೆಯನ್ನು ತುಂಬಿಸುವವರು ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀಯ ಮಹಿಳೆಯರು, ಭಾಷಣ ಮಾಡುವವರು ಬೇರೆ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಸಾಕಷ್ಟು ಕೇಳಿದ್ದೇನೆ. ಲೆಕ್ಕಪತ್ರ ಓದಲು ಬಾರದವರು ಸಮಿತಿಯಲ್ಲಿ ಏನು ಮಾಡುತ್ತಾರೆ ಎಂಬುದು ಮೊದಲನೆಯದು. ಕುಟುಂಬಶ್ರೀಯ ಅಯಲ್‌ಕೂಟಗಳಲ್ಲಿ (ನೆರೆಹೊರೆಯ ಗುಂಪುಗಳಲ್ಲಿ) ಕಾಲು ಶತಮಾನದಿಂದ ಉಳಿತಾಯದ ಪುಸ್ತಕ, ಸಾಲದ ಕಂತು, ಬಡ್ಡಿ ಎಲ್ಲವನ್ನೂ ನಿಭಾಯಿಸಿದ ಹೆಂಗಸರಿಗೆ ಮಧ್ಯಾಹ್ನದ ಊಟದ ಅಕ್ಕಿಯ ಲೆಕ್ಕ ತಿಳಿಯದು ಎನ್ನುವವರು ಒಮ್ಮೆ ಆ ಪುಸ್ತಕಗಳನ್ನು ನೋಡಬೇಕು. ಕರೆದರೂ ಬರುವುದಿಲ್ಲ ಎಂಬುದು ಎರಡನೆಯದು, ಮತ್ತು ಅದರಲ್ಲಿ ಸ್ವಲ್ಪ ನಿಜವಿದೆ. ಒಬ್ಬರನ್ನೇ ಸೇರಿಸಿದರೆ ಅವರು ಬರುವುದಿಲ್ಲ, ಬಂದರೂ ಮಾತಾಡುವುದಿಲ್ಲ. ಇಡೀ ಕೋಣೆಯಲ್ಲಿ ತಮ್ಮಂಥವರು ಬೇರಾರೂ ಇಲ್ಲದಿದ್ದರೆ ನಮ್ಮಲ್ಲಿ ಯಾರು ತಾನೇ ಬಾಯಿ ತೆರೆದಾರು? ಕನಿಷ್ಠ ಇಬ್ಬರನ್ನು ಸೇರಿಸಬೇಕು, ಅವರಲ್ಲಿ ಒಬ್ಬರಾದರೂ ಎರಡು ವರ್ಷ ಮುಂದುವರಿಯುವಂತೆ ನೋಡಿಕೊಳ್ಳಬೇಕು. ಜಾತಿ, ಭಾಷೆ ನೋಡಿ ಸಮಿತಿ ಮಾಡಿದರೆ ಊರು ಒಡೆಯುತ್ತದೆ ಎಂಬ ಮೂರನೆಯ ಆಕ್ಷೇಪವನ್ನು ಹೇಳುವವರು ಸಾಮಾನ್ಯವಾಗಿ ಈಗಿರುವ ಪಟ್ಟಿಯಲ್ಲಿ ತಮ್ಮ ಹೆಸರಿರುವವರೇ ಆದುದರಿಂದ ಅದಕ್ಕೆ ಹೆಚ್ಚು ಶಾಯಿ ಖರ್ಚು ಮಾಡುವುದಿಲ್ಲ.

ಆಗಬೇಕಾದ ಕೆಲಸಗಳಲ್ಲಿ ಹೆಚ್ಚಿನವು ಹಣ ಬೇಡದವು. ಮಹಾಸಭೆಯ ನೋಟೀಸು ಒಂದು ವಾರ ಮುಂಚಿತವಾಗಿ, ಕನ್ನಡ ಮತ್ತು ಮಲಯಾಳ ಎರಡರಲ್ಲಿಯೂ, ಕಾಗದದಲ್ಲಿ ಮಗುವಿನ ಕೈಯಲ್ಲಿ ಹೋಗಬೇಕು. ಸಭೆಯನ್ನು ಆದಿತ್ಯವಾರ ಅಥವಾ ಸಂಜೆಯ ಹೊತ್ತು ಇಡಬೇಕು. ಅಧ್ಯಾಪಕರಿಗೆ ಇದರಿಂದ ತೊಂದರೆಯಿದೆ, ವರ್ಷಕ್ಕೊಮ್ಮೆಯ ಆ ತೊಂದರೆಯನ್ನು ಬದಲಿ ರಜೆಯಿಂದ ಸರಿಪಡಿಸಬಹುದು. ಸಮಿತಿಯ ಎಲ್ಲ ಹೆಸರುಗಳನ್ನು ಒಂದೇ ಸಲ ಓದಿ ಚಪ್ಪಾಳೆ ಹೊಡೆಸುವ ಬದಲು, ಪ್ರತಿಯೊಂದು ತರಗತಿಯ ಹೆತ್ತವರು ತಮ್ಮ ಕೋಣೆಯಲ್ಲೇ ಕುಳಿತು ತಮ್ಮ ಪ್ರತಿನಿಧಿಯನ್ನು ಆರಿಸಿ ಕಳುಹಿಸುವ ಕ್ರಮ ತಂದರೆ ಕನ್ನಡ ಡಿವಿಷನ್‌ಗಳಿಗೆ ತಾನಾಗಿಯೇ ಸ್ಥಾನ ಸಿಗುತ್ತದೆ. ನಿರ್ಣಯವನ್ನು ಸಹಿಗೆ ಮೊದಲು ಎರಡೂ ಭಾಷೆಗಳಲ್ಲಿ ಓದಿ ಹೇಳಬೇಕು, ತುಳುವಿನಲ್ಲಿ ವಿವರಿಸಿದರೂ ಅಡ್ಡಿಯಿಲ್ಲ. ಪತ್ರಿಕೆಗಳವರೂ ಇಂತಹ ಸಭೆಗಳ ಸುದ್ದಿ ಸ್ವೀಕರಿಸುವಾಗ ಉದ್ಘಾಟಕರು, ಮುಖ್ಯ ಅತಿಥಿಗಳು, ಶುಭ ಹಾರೈಸಿದವರು ಇವರ ಹೆಸರುಗಳನ್ನು ಕಡಿಮೆ ಮಾಡಿ ಸಮಿತಿಯ ಪೂರ್ತಿ ಪಟ್ಟಿಯನ್ನು ಕೇಳಿ ಪಡೆದರೆ ದೊಡ್ಡ ಉಪಕಾರವಾಗುತ್ತದೆ.

ಮಂಜೇಶ್ವರ, ಕುಂಬಳೆ ಮತ್ತು ಕಾಸರಗೋಡು ಉಪಜಿಲ್ಲಾ ಶಿಕ್ಷಣಾಧಿಕಾರಿಗಳಲ್ಲಿ ನನ್ನ ವಿನಂತಿಯೆಂದರೆ, ಶಾಲೆಗಳಿಂದ ವ್ಯವಸ್ಥಾಪನಾ ಸಮಿತಿಯ ಪಟ್ಟಿ ತರಿಸಿಕೊಳ್ಳುವಾಗ ಹೆಸರು, ವಿಳಾಸಗಳ ಪಕ್ಕದಲ್ಲಿ ಮಗುವಿನ ತರಗತಿ, ಮಾಧ್ಯಮ ಮತ್ತು ವರ್ಗ ಎಂಬ ಮೂರು ಅಂಕಣಗಳನ್ನು ಸೇರಿಸಿ, ಶಾಲೆಯ ಒಟ್ಟು ಮಕ್ಕಳಲ್ಲಿ ಆ ವರ್ಗಗಳ ಸಂಖ್ಯೆಯನ್ನೂ ಕೆಳಗೆ ಬರೆಸಬೇಕು. ಪ್ರಮಾಣ ಎಲ್ಲಿ ಪಾಲನೆಯಾಗಿಲ್ಲವೋ ಅಲ್ಲಿ ಪಟ್ಟಿಯನ್ನು ಒಪ್ಪಿಕೊಳ್ಳದೆ ಹಿಂದೆ ಕಳುಹಿಸಬೇಕು. ಕನ್ನಡ ಸಂಘಟನೆಗಳೂ ಜಿಲ್ಲೆಯ ಶಾಸಕರೂ ಜಿಲ್ಲಾ ಪಂಚಾಯತಿನ ಸದಸ್ಯರೂ ಸೇರಿ, ಶಿಕ್ಷಣ ಹಕ್ಕು ಕಾನೂನಿನ ಎರಡನೇ ಸೆಕ್ಷನ್ನಿನಲ್ಲಿರುವ ಭಾಷಿಕ ಕಾರಣವನ್ನು ಆಧರಿಸಿ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನು ಅಧಿಸೂಚನೆಯ ಮೂಲಕ ಆ ಗುಂಪಿಗೆ ಸೇರಿಸುವಂತೆ ರಾಜ್ಯದ ಶಿಕ್ಷಣ ಇಲಾಖೆಗೆ ಮನವಿ ಸಲ್ಲಿಸಬೇಕು. ಆ ಮನವಿಯನ್ನು ಒಯ್ಯುವ ನಿಯೋಗದಲ್ಲಿ ಈಗ ಶಾಲೆಗೆ ಹೋಗುತ್ತಿರುವ ಮಕ್ಕಳ ತಾಯಂದಿರು ಅರ್ಧದಷ್ಟಾದರೂ ಇರಬೇಕು, ಅವರ ರೈಲು ಟಿಕೇಟಿನ ಖರ್ಚನ್ನು ಸಂಘಟನೆಗಳು ಭರಿಸಬೇಕು.

ಇತಿ,
ಕುಂಬಳೆ ಪರಿಸರದ ಓರ್ವ ನಿವೃತ್ತ ಅಧ್ಯಾಪಕಿ
(ಹೆಸರು ಪ್ರಕಟಿಸಬಾರದಾಗಿ ವಿನಂತಿ)